ಮೊದಲ ಕಂತಿಗೆ ಮುಂಚೆ

ನಮ್ಮೂರಿನ ಅಂಚಿನಲ್ಲಿ ಲಿಂಟಲ್ ಮಟ್ಟಕ್ಕೆ ಬಂದು ನಿಂತುಹೋದ ಮನೆಯೊಂದಿದೆ. ಕಿಟಕಿಯ ಜಾಗದಲ್ಲಿ ಗೋಣಿತಾಟು, ಛಾವಣಿಯ ಜಾಗದಲ್ಲಿ ತಗಡು. ಅದರ ಒಡತಿ ಬೀಡಿ ಕಟ್ಟುವ ವಿಧವೆ. ಒಮ್ಮೆ ಸಿಕ್ಕಾಗ ಹೇಳಿದರು: "ಸರಕಾರ ಮನೆ ಕೊಟ್ಟಿದ್ದು ಊರಿಗೆಲ್ಲ ಗೊತ್ತು ಭಾಯಿ. ತಳಪಾಯಕ್ಕೆ ನನ್ನ ಕಿವಿಯೋಲೆ ಹೋಗಿದ್ದು ಯಾರಿಗೂ ಗೊತ್ತಿಲ್ಲ."

ಕತೆ ಬರೆಯುವವನಿಗೆ ಇಷ್ಟು ಸಾಕು. ಆದರೆ ಇದು ಒಬ್ಬ ಹೆಂಗಸಿನ ಕತೆಯಷ್ಟೇ ಅಲ್ಲ. ಸರಕಾರದ ವಸತಿ ಯೋಜನೆಗಳ ಲೆಕ್ಕದಲ್ಲೇ ಇರುವ ದೋಷ.

ಬಡವರ ಮನೆಗೆ ಸರಕಾರ ಹಣ ಕೊಡುವುದು ಹೊಸದಲ್ಲ. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂತು. ತೊಂಬತ್ತರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಆಶ್ರಯ ಮನೆಗಳು ಎದ್ದವು. 2000ದಲ್ಲಿ ಈ ಕೆಲಸಕ್ಕೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಇವುಗಳಿಂದ ಲಕ್ಷಾಂತರ ಕುಟುಂಬಗಳಿಗೆ ಗಟ್ಟಿ ಸೂರು ಸಿಕ್ಕಿದೆ, ಮನೆ ಹೆಂಗಸಿನ ಹೆಸರಿಗೆ ಬಂದಿದೆ. ಇದನ್ನು ಒಪ್ಪದೆ ಟೀಕೆಗೆ ಹೊರಡುವುದು ಅನ್ಯಾಯ.

ಆದರೆ ಲೆಕ್ಕ ನೋಡಿ. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಬಂದಾಗ, ಬಯಲು ಪ್ರದೇಶದ ಹಳ್ಳಿಮನೆಗೆ ಕೊಡುವ ಹಣ 70 ಸಾವಿರದಿಂದ 1.20 ಲಕ್ಷಕ್ಕೆ ಏರಿತು. ಎಂಟು ವರ್ಷದ ನಂತರ, 2024ರಲ್ಲಿ, ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಸಿಕ್ಕಾಗಲೂ ಅದೇ 1.20 ಲಕ್ಷ. ಈ ನಡುವೆ ಸಿಮೆಂಟು, ಕಬ್ಬಿಣ, ಮರಳು, ಗಾರೆಯವನ ಕೂಲಿ ನಿಂತಲ್ಲೇ ನಿಂತಿದ್ದವೇ?

ಹಣ ಬರುವ ಕ್ರಮ ಇನ್ನೂ ಕಠಿಣ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಒಂದೊಂದು ಹಂತ ಮುಗಿದು, ಅದರ ಫೋಟೊ ಹೋದ ಮೇಲೆ ಕಂತು. ಸುಳ್ಳು ಬಿಲ್ಲು ತಪ್ಪಿಸಲು ಇದು ಬೇಕು ಎನ್ನುತ್ತಾರೆ, ಸುಳ್ಳಲ್ಲ. ಆದರೆ ಮೊದಲ ಹಂತಕ್ಕೆ ಕಾಸು ಎಲ್ಲಿಂದ? ಇದ್ದವನು ಕಟ್ಟುತ್ತಾನೆ, ಇಲ್ಲದವನು ಬಡ್ಡಿಗೆ ತರುತ್ತಾನೆ. ಬಡ್ಡಿ ಹರಾಮ್ ಎಂದು ನಂಬಿದ ಮನೆಯಲ್ಲಿ ಒಡವೆ ಹೋಗುತ್ತದೆ. ಬಡವರಿಗೆಂದು ಮಾಡಿದ ಯೋಜನೆ ಮೊದಲ ಮೆಟ್ಟಿಲಲ್ಲೇ ಕಡುಬಡವರನ್ನು ಹೊರಗಿಡುತ್ತದೆ.

ಪಟ್ಟಣದಲ್ಲಿ ಮತ್ತೊಂದು ತೊಡಕು. 2015ರ ನಗರ ಯೋಜನೆಯಲ್ಲಿ ಸ್ವಂತ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದ ಪಾಲು 1.5 ಲಕ್ಷ, ಆದರೆ ನಿವೇಶನ ಅವರದೇ ಇರಬೇಕು. ಮೊಹಲ್ಲಾದ ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ಗುಜರಿಯವನು, ಊರಿಗೆಲ್ಲ ಮನೆ ಕಟ್ಟಿಕೊಡುವ ಗಾರೆಯವನು ನಿವೇಶನ ಎಲ್ಲಿಂದ ತರಬೇಕು?

ಗ್ರಾಮೀಣ ಯೋಜನೆಯಲ್ಲಿ ಅಲ್ಪಸಂಖ್ಯಾತರಿಗೆ ಶೇ. 15ರಷ್ಟು ಪಾಲು ನಿಗದಿಯಾಗಿದೆ. ನಮ್ಮ ಮುಖಂಡರು ಅಷ್ಟಕ್ಕೇ ತೃಪ್ತರು. ಪಾಲು ಕೇಳಿದರೆ ಸಾಲದು, ಕ್ರಮ ಬದಲಾಗಬೇಕೆಂದೂ ಕೇಳಬೇಕು. ಭೂಮಿಯಿಲ್ಲದವರಿಗೆ ಮೊದಲು ನಿವೇಶನ ಕೊಡಿ. ತಳಪಾಯದ ಹಣವನ್ನು ಮುಂಗಡವಾಗಿ ಕೊಡಿ. ಬೆಲೆ ಏರಿದಂತೆ ಮೊತ್ತವನ್ನೂ ಏರಿಸಿ. ಇದು ಮುಸಲ್ಮಾನರ ಬೇಡಿಕೆಯಲ್ಲ. ತಗಡಿನಡಿ ಮಳೆಗಾಲ ಕಳೆಯುವ ಎಲ್ಲರದು.

ಕಿವಿಯೋಲೆ ಮಾರಿದವರಿಗೆ ಮನೆ ಸಿಕ್ಕಿದೆ ಎಂದು ಯಾವ ಪಟ್ಟಿಯಲ್ಲಾದರೂ ಬರೆದಿರಬಹುದು. ಛಾವಣಿ ಬೀಳುವವರೆಗೆ ಆ ಹೆಸರನ್ನು ಅಳಿಸದಿರಲಿ.