ಕೊನೆಯ ಯೋಧನ ಆಯುಷ್ಯ: ಒಂದು ಗ್ರಂಥವಿಚಾರ

ನೂರು ದಾಟಿದ ಯೋಧನನ್ನು ಕಂಡವರು ಮೊದಲು ಕೇಳುವುದು ಆತನ ದೀರ್ಘಾಯುಷ್ಯದ ಗುಟ್ಟನ್ನು. ಮಿತಾಹಾರವೆಂದೋ ಸೈನ್ಯದ ಶಿಸ್ತೆಂದೋ ಉತ್ತರ ದೊರೆತರೆ ತೃಪ್ತರಾಗುತ್ತಾರೆ. ಮೊದಲನೆಯ ಮಹಾಯುದ್ಧದ ಆಂಗ್ಲ ಯೋಧ ಹ್ಯಾರಿ ಪ್ಯಾಚನು ರಿಚರ್ಡ್ ವಾನ್ ಎಮ್ಡೆನ್ನರ ನೆರವಿನಿಂದ 2007ರಲ್ಲಿ ಹೊರತಂದ ‘ದಿ ಲಾಸ್ಟ್ ಫೈಟಿಂಗ್ ಟಾಮಿ’ ಎಂಬ ಆತ್ಮಕಥೆಯನ್ನು ಓದಿದವರಿಗೆ ಈ ತೃಪ್ತಿ ಉಳಿಯಲಾರದು.

1898ರಲ್ಲಿ ಹುಟ್ಟಿದ ಪ್ಯಾಚನು ಕೊಳಾಯಿ ಕೆಲಸದವನು. ಕಡ್ಡಾಯ ಭರ್ತಿಯಿಂದ ಸೈನಿಕನಾದವನು. 1917ರ ಸೆಪ್ಟೆಂಬರ್ 22ರಂದು ಬೆಲ್ಜಿಯಮ್ಮಿನಲ್ಲಿ ಸಿಡಿದ ಫಿರಂಗಿಯ ಗುಂಡೊಂದು ಆತನ ಮೂವರು ಸಂಗಡಿಗರನ್ನು ಕೊಂದಿತು. ಗಾಯಗೊಂಡ ಆತನು ಸ್ವದೇಶಕ್ಕೆ ಮರಳಿದನು. ಸತ್ತವರೂ ಅದೇ ಶಿಸ್ತಿನಲ್ಲಿದ್ದವರು, ಅದೇ ಅನ್ನ ಉಂಡವರು. ಉಳಿದವರನ್ನಷ್ಟೇ ಕೇಳಿ ಗುಟ್ಟನ್ನು ನಿರ್ಣಯಿಸುವುದು ತರ್ಕವಲ್ಲ. ಮೇಲಾಗಿ ಸೈನ್ಯವು ವೈದ್ಯಪರೀಕ್ಷೆಯಿಂದ ದೃಢಕಾಯರನ್ನೇ ಆರಿಸುತ್ತದೆ. ಆದುದರಿಂದ ಯೋಧರ ಆರೋಗ್ಯವೆಲ್ಲವೂ ಸೈನ್ಯದ ಕೊಡುಗೆಯಲ್ಲ.

ಗ್ರಂಥದ ನಿಜವಾದ ಬೆಲೆಯಿರುವುದು ಯುದ್ಧದ ಹಿಂದುಮುಂದಿನ ಬದುಕನ್ನೂ ಅದು ಹೇಳುವುದರಲ್ಲಿ. ಕೈಕಸುಬು, ಸಂಸಾರ, ಕೊನೆಗೆ ವೆಲ್ಸ್ ಪಟ್ಟಣದ ವೃದ್ಧಾಶ್ರಮದ ಆರೈಕೆ: ಆಯುಷ್ಯವನ್ನು ಹೊತ್ತು ನಡೆಸಿದವುಗಳಲ್ಲಿ ಇವನ್ನೂ ಎಣಿಸಬೇಕು. ನೂರು ತುಂಬುವವರೆಗೆ ಯುದ್ಧದ ವಿಷಯದಲ್ಲಿ ಬಾಯಿ ತೆರೆಯದಿದ್ದವನು 1998ರಿಂದ ಮಾತನಾಡತೊಡಗಿದನು. 2009ರಲ್ಲಿ, ತನ್ನ 111ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಮಾತು ಆಯುಷ್ಯವನ್ನು ಬೆಳೆಸಿತೆಂದು ಒಬ್ಬನ ಚರಿತ್ರೆಯಿಂದ ಸಾಧಿಸಲಾಗದು. ಎಂಬತ್ತು ವರ್ಷಗಳ ಮೌನ ಎಷ್ಟು ಭಾರವಾಗಿತ್ತೆಂಬುದು ಮಾತ್ರ ಸ್ಪಷ್ಟ.

ಗ್ರಂಥದ ಹೆಸರಿನಲ್ಲಿಯೇ ‘ಕೊನೆಯ’ ಎಂಬ ವಿಶೇಷಣವಿದೆ. ಒಬ್ಬನೇ ಉಳಿದಾಗ ಗೌರವಿಸಲು ನೆರೆಯುವ ಸಮಾಜವು, ಸಾವಿರಾರು ಮಂದಿ ಮುಪ್ಪಿನಲ್ಲಿ ಒಂಟಿಯಾಗಿದ್ದಾಗ ಎಲ್ಲಿತ್ತು? ದೀರ್ಘಾಯುಷ್ಯದ ಪ್ರಶ್ನೆಯನ್ನು ಮುದುಕರಿಗಲ್ಲ, ನಮಗೆ ನಾವೇ ಹಾಕಿಕೊಳ್ಳಬೇಕು.