ಅಂಟುವಾಳವೂ ಹಸುಳೆಯ ಲಂಗೋಟಿಯೂ

ರೇಷ್ಮೆ ಸೀರೆ, ಉಣ್ಣೆಯ ಶಾಲು, ಗಂಜಿ ಹಾಕಿದ ಪಂಚೆ ಇವುಗಳ ಒಗೆತವನ್ನು ಕುರಿತು ವಾರವಾರವೂ, ಸ್ವಲ್ಪ ಅಹಂಕಾರದಿಂದಲೇ, ಬರೆಯುತ್ತ ಬಂದ ನನ್ನ ವಿದ್ಯೆಗೆ ನಿಜವಾದ ಪರೀಕ್ಷೆ ಒದಗಿದ್ದು ಮಗಳು ಬಾಣಂತನಕ್ಕೆಂದು ನವಿ ಮುಂಬಯಿಯ ಬೇಲಾಪುರದ ನಮ್ಮ ಮನೆಗೆ ಬಂದ ಮೇಲೆ. ದಿನಕ್ಕೆ ಹದಿನೆಂಟು ಇಪ್ಪತ್ತು ಲಂಗೋಟಿ. ನೋಡಿದರೆ ಎರಡು ಗೇಣಿನ ಬಟ್ಟೆ, ಒಗೆಯಹೊರಟರೆ ಜರಿಯಂಚಿನ ಸೀರೆಗಿಂತ ಹೆಚ್ಚಿನ ವಿವೇಕವನ್ನು ಬೇಡುವ ಬಟ್ಟೆ. “ಬಿಸಾಡುವ ಡಯಪರೂ ಬೇಡ, ಅಂಗಡಿಯ ಘಮಘಮ ಪುಡಿಯೂ ಬೇಡ, ಅಂಟುವಾಳದಲ್ಲೇ ಒಗೆಯಿರಿ ಅಪ್ಪಾ” ಎಂದು ಅವಳು ಹೇಳಿದಾಗ, ಇದಕ್ಕಾಗಿಯೇ ಇಷ್ಟು ವರುಷ ಕಾದಿದ್ದೆನೋ ಎಂಬಂತೆ ನಾನು ಒಪ್ಪಿಕೊಂಡೆನು.

ಮೊದಲ ಮೂರು ವಾರ ಎಲ್ಲವೂ ಸಾಂಗವಾಗಿ ನಡೆಯಿತೆಂದೇ ಭಾವಿಸಿದ್ದೆನು. ಕಷಾಯದಲ್ಲಿ ನೊರೆಯೆದ್ದಿತು, ಬಟ್ಟೆ ಬೆಳ್ಳಗೆ ಕಂಡಿತು, ಹಿಂದುಮುಂದಿನ ಮನೆಯವರಿಗೆ ಒಂದೆರಡು ಉಪನ್ಯಾಸಗಳನ್ನೂ ಕೊಟ್ಟಾಯಿತು. ನಾಲ್ಕನೆಯ ವಾರದಲ್ಲಿ, ಒಣಗಿದ್ದಾಗ ಯಾವ ದೋಷವನ್ನೂ ತೋರದ ಲಂಗೋಟಿಯು ಮಗು ಒದ್ದೆಮಾಡಿದ ಕ್ಷಣದಲ್ಲಿಯೇ ಕುದುರೆಲಾಯದ ಘಾಟನ್ನು ಬಿಡತೊಡಗಿದ್ದಲ್ಲದೆ, ನೀರನ್ನು ಹೀರುವ ತನ್ನ ಸಹಜ ಧರ್ಮವನ್ನೇ ಮರೆತು, ಬಂದದ್ದನ್ನೆಲ್ಲ ಅಂಚಿನಿಂದ ಹೊರಕ್ಕೆ ಸಾಗಹಾಕುತ್ತ ತೊಟ್ಟಿಲಿನ ಹಾಸಿಗೆಯನ್ನು ನೆನೆಸತೊಡಗಿತು. ಮಗಳು ಏನೂ ಅನ್ನಲಿಲ್ಲ. ಅವಳ ತಾಯಿ ಅಂದಳು.

ಅಂಟುವಾಳವನ್ನು ನಾನು ನಿಂದಿಸಲಾರೆ. ಸಂಸ್ಕೃತದಲ್ಲಿ ಅದು ಅರಿಷ್ಟಕ, ಫೇನಿಲ; ನಮ್ಮ ಮರಾಠಿ ನೆರೆಯವರಿಗೆ ರೀಠಾ. ದಕ್ಷಿಣದ ಮರದ ಕಾಯಿಗಳು ಎರಡು ಮೂರು ಒಂದಕ್ಕೊಂದು ಅಂಟಿಕೊಂಡು ಬೆಳೆಯುವುವು, ಹಿಮಾಲಯದ ತಪ್ಪಲಿನದು ಬಹುಮಟ್ಟಿಗೆ ಒಂಟಿಯಾದ ಗುಂಡುಕಾಯಿ; ಎರಡರ ಸಿಪ್ಪೆಯಲ್ಲೂ ಇರುವ ಸಾಪೋನಿನ್ ಎಂಬ ದ್ರವ್ಯವೇ ನೊರೆಯ ಮೂಲ. ಸಾಬೂನು ಗಡಸುನೀರಿನ ಸುಣ್ಣದೊಡನೆ ಕೂಡಿ ಜಿಗುಟಾದ ಕಸರಾಗಿ ಎಳೆಗಳ ನಡುವೆ ಕೂತುಬಿಡುವಂತೆ ಇದು ಕೂರದು; ಇದೊಂದು ದೊಡ್ಡ ಗುಣ. ಆದರೆ ಇದರ ಕೈ ಮೃದು, ಹಿಡಿತವೂ ಮೃದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಬಟ್ಟೆಗಳ ಶುದ್ಧಿಯನ್ನು ಹೇಳುವೆಡೆ ಉಣ್ಣೆಗೂ ರೇಷ್ಮೆಗೂ ಚೌಳು, ನಾರುಮಡಿಗೆ ಬಿಳಿಸಾಸಿವೆ, ಆಡಿನ ಉಣ್ಣೆಯ ಕಂಬಳಿಗೆ ಅರಿಷ್ಟಕ ಎಂದು ಒಂದೊಂದಕ್ಕೆ ಒಂದೊಂದನ್ನು ಹಂಚಿಕೊಟ್ಟಿದೆ. ಹಸುಳೆಯ ಲಂಗೋಟಿಯ ಪ್ರಸ್ತಾಪ ಆ ಶ್ಲೋಕದಲ್ಲಿಲ್ಲ. ಶಾಸ್ತ್ರಕಾರರು ಅದನ್ನು ಒಗೆದವರಲ್ಲವೆಂದು ತೋರುತ್ತದೆ.

ಒಗೆದವರು ಬೇರೆ. ಮಾಚಿದೇವನನ್ನು ನೆನೆದು ಹೊಳೆಗೆ ಇಳಿಯುತ್ತಿದ್ದ ನಮ್ಮ ಮಡಿವಾಳರು ಹತ್ತಿಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಕಲ್ಲಿಗೆ ತಂದರು. ಮನೆಯ ಮಟ್ಟಿಗೆ ಇದೇ ಕೆಲಸವನ್ನು ಬಚ್ಚಲೊಲೆಯ ಬೂದಿ ಮಾಡುತ್ತಿತ್ತು. ಕರಾವಳಿಯ ನಮ್ಮ ಮನೆಯಲ್ಲಿ ತಾಯಿ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಹಂಡೆಯ ಬಿಸಿನೀರಿಗೆ ಇಳಿಬಿಡುತ್ತಿದ್ದುದನ್ನು ಕಂಡಿದ್ದರೂ, ಅದನ್ನು ಬಡತನದ ಉಪಾಯವೆಂದು ಬಗೆದು, ಹಬ್ಬದ ಸೀರೆಗೆ ಅವಳು ಬಳಸುತ್ತಿದ್ದ ಅಂಟುವಾಳವೊಂದನ್ನೇ ನೆನಪಿನಲ್ಲಿಟ್ಟುಕೊಂಡದ್ದು ನನ್ನ ಅವಿವೇಕ. ಮರದ ಬೂದಿಯಲ್ಲಿರುವುದು ಪೊಟ್ಯಾಸಿಯಮ್ ಕಾರ್ಬೊನೇಟು; ಚೌಳಿನಲ್ಲಿರುವುದು, ಅಂಗಡಿಯಲ್ಲಿ ಬಟ್ಟೆಸೋಡವೆಂದು ಮಾರುವುದು, ಸೋಡಿಯಮ್ ಕಾರ್ಬೊನೇಟು. ಈ ಕ್ಷಾರ ಮತ್ತು ಕಾವು ಎರಡೂ ಕೂಡದೆ ಹತ್ತಿಯಿಂದ ಎಣ್ಣೆ ಸುಲಭವಾಗಿ ಬಿಡದು.

ಎಣ್ಣೆ ಎಲ್ಲಿಂದ ಬಂತೆಂದು ಕೇಳಬೇಡಿ. ಬೆಳಗಿನ ಎಣ್ಣೆಸ್ನಾನದಲ್ಲಿ ಕೊಬ್ಬರಿ ಎಣ್ಣೆ ಕುಡಿದು ಮಿರುಗುವ ಮೊಮ್ಮಗನನ್ನು ಎತ್ತಿ ಲಂಗೋಟಿ ಕಟ್ಟಿದೊಡನೆ ಅರ್ಧ ಎಣ್ಣೆ ಅದರ ಪಾಲು. ತೊಡೆಸಂದಿ ಕೆಂಪಾಯಿತೆಂದು ಸವರುವ ಮುಲಾಮು ಉಳಿದರ್ಧ. ಇಂತಹ ಬಟ್ಟೆಯ ರೋಗವನ್ನು ಪತ್ತೆಮಾಡಲು ನಾನು ಈಗ ಬಳಸುವ ಪರೀಕ್ಷೆ ಸುಲಭವಾದುದು: ಒಣಗಿದ ಲಂಗೋಟಿಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಡುವುದು. ಒಡನೆ ಇಂಗಿದರೆ ಆರೋಗ್ಯ. ಕೆಸುವಿನೆಲೆಯ ಮೇಲಿನ ಹನಿಯಂತೆ ದುಂಡಗೆ ನಿಂತರೆ ಆ ಬಟ್ಟೆಗೆ ಉಬ್ಬೆಯ ದಾರಿಯೇ ದಾರಿ. ಹೊಸ ಹತ್ತಿಯೂ ತನ್ನ ಹುಟ್ಟುಮೇಣದಿಂದಾಗಿ ಹೀಗೆಯೇ ಹನಿಯನ್ನು ನಿಲ್ಲಿಸುವುದು. ಅಜ್ಜಿಯಂದಿರು ಹೊಸಬಟ್ಟೆಯನ್ನು ಬಿಟ್ಟು ಸಾವಿರ ಒಗೆತ ಕಂಡ ಪಂಚೆಯನ್ನು ಹರಿದು ಲಂಗೋಟಿ ಮಾಡುತ್ತಿದ್ದರಲ್ಲಾ, ಅವರ ಬೆರಳಿಗೆ ಈ ವಿಷಯ ಗೊತ್ತಿತ್ತು.

ಈಗಿನ ನನ್ನ ಕ್ರಮವನ್ನು ಹೇಳುವೆನು. ಮಲದ ಬಟ್ಟೆಗೆ ಮೊದಲು ತಣ್ಣೀರು, ತಣ್ಣೀರು ಮಾತ್ರ. ಬಿಸಿನೀರು ತಾಗಿದರೆ ಅದರಲ್ಲಿರುವ ಸಸಾರಜನಕವು ಕಾದ ಕಾವಲಿಯ ಮೇಲೆ ಮೊಟ್ಟೆಯ ಬಿಳಿ ಹಿಡಿದಂತೆ ಎಳೆಗೆ ಹಿಡಿಯುವುದು. ಮೂತ್ರದ ಬಟ್ಟೆಯನ್ನೂ ಮುಚ್ಚಿದ ಬಕೆಟ್ಟಿನಲ್ಲಿ ಎರಡು ದಿನ ಕೂಡಿಡಬಾರದು, ಏಕೆಂದರೆ ಸೂಕ್ಷ್ಮಾಣುಗಳು ಯೂರಿಯಾವನ್ನು ಅಮೋನಿಯಾ ಮಾಡುವುದು ಅಲ್ಲಿಯೇ. ಕುದುರೆಲಾಯ ಹುಟ್ಟುವ ಸ್ಥಳ ಅದು. ಜಾಲಿಸಿದ ಮೇಲೆ ಕೈ ಸುಡುವಷ್ಟು ಬಿಸಿಯಾದ ಒಂದು ಬಕೆಟ್ಟು ನೀರಿಗೆ ಒಂದು ಚಮಚ ಸೋಡ, ಅದರ ಮೇಲೆ ಅಂಟುವಾಳದ ಕಷಾಯ ಒಂದು ಲೋಟ. ಅರ್ಧಗಂಟೆ ನೆನೆದ ಬಳಿಕ ಉಜ್ಜುವುದು. ಕಷಾಯಕ್ಕೆ ಬೀಜ ತೆಗೆದ ಹನ್ನೆರಡು ಸಿಪ್ಪೆಯನ್ನು ಒಂದು ಲೀಟರು ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿದರೆ ಸಾಕು. ಮೂರನೆಯ ದಿನಕ್ಕೆ ಹುಳಿಯುವುದರಿಂದ ಹೆಚ್ಚು ಮಾಡುವುದು ವ್ಯರ್ಥ, ಕಣ್ಣಿಗೆ ಹಾರಿದರೆ ಉರಿಯುವುದರಿಂದ ಮಗುವಿನ ಬಳಿ ಇಡುವುದು ಅಪಾಯ. ಆಮೇಲೆ ಮೂರು ನೀರು, ಕೊನೆಯದರಲ್ಲಿ ಅರ್ಧ ನಿಂಬೆಹಣ್ಣಿನ ರಸ, ಉಳಿದ ಕ್ಷಾರವನ್ನು ತಣಿಸಲು. ನಲ್ಲಿಯಲ್ಲಿ ಬರುವ ಮೋರ್ಬೆ ಅಣೆಕಟ್ಟಿನ ನೀರು ಮಳೆಯ ಸಂತಾನವಾದುದರಿಂದ ಕೈಗೆ ಮೆದು. ಟ್ಯಾಂಕರಿನ ಕೊಳವೆಬಾವಿಯ ನೀರು ಬಂದ ದಿನ ಸೋಡ ಒಂದೂವರೆ ಚಮಚ. ಬಟ್ಟೆಯನ್ನು ಮೆತ್ತಗೆ ಮಾಡುವುದೆಂದು ಮಾರುವ ಸುವಾಸನೆಯ ದ್ರವಗಳು ಎಳೆಗೆ ಇನ್ನೊಂದು ಲೇಪವನ್ನು ಹಚ್ಚುವುದರಿಂದ ನಮ್ಮ ಹೊಸ್ತಿಲು ದಾಟಿಲ್ಲ. ರಬ್ಬರಿನಂತಹ ಒಳಪದರವಿರುವ ಹೊಸಬಗೆಯ ಹೊರಚಡ್ಡಿಗಳನ್ನು ಮಾತ್ರ ಕುದಿಸಬಾರದು, ಪದರ ಬಿಟ್ಟುಕೊಳ್ಳುವುದು.

ಇಷ್ಟಾದರೂ ಹಳದಿ ಕಲೆ ಉಳಿಯುವುದು. ಎದೆಹಾಲಿನ ಮಗುವಿನ ಮಲಕ್ಕೆ ಆ ಬಣ್ಣವನ್ನು ಕೊಡುವುದು ಬಿಲಿರುಬಿನ್ ಎಂಬ ಪಿತ್ತವರ್ಣ, ಅದರ ವೈರಿ ಬಿಸಿಲು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿಯು ಎಳೆಗೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುವ ವಾಡಿಕೆಯಿಟ್ಟುಕೊಂಡಿದ್ದಳು. ಕಾಮಾಲೆಯ ಮಗುವಿನ ಮೈ ಬಿಸಿಲು ಬಿದ್ದಷ್ಟು ಭಾಗ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಭಾಗ ಹಳದಿಯಾಗಿಯೇ ಉಳಿದುದನ್ನು ಅವಳು ವೈದ್ಯರಿಗೆ ತೋರಿಸಿದಳು. ಡಾಕ್ಟರ್ ಕ್ರೀಮರ್ ಮತ್ತು ಸಂಗಡಿಗರು 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಆ ಅಂಗಳದಲ್ಲಿ. ಕೂಸಿನ ಚರ್ಮದ ಹಳದಿಯನ್ನು ತಿಳಿಮಾಡಿದ ಬೆಳಕು ಒದ್ದೆ ಲಂಗೋಟಿಯ ಹಳದಿಯನ್ನೂ ತಿಳಿಮಾಡುವುದು. ಓಣಿಯ ಕೊನೆಯ ಮನೆಯ ಆಜಿ ಇದಾವುದನ್ನೂ ಓದದೆ ಮೊದಲ ದಿನವೇ “ಲಂಗೋಟ್ ಉನ್ಹಾತ್ ಘಾಲಾ, ಕಾಕಾ” ಎಂದು ಬಿಸಿಲಿಗೆ ಹಾಕಲು ಅಪ್ಪಣೆಯಿತ್ತಿದ್ದಳು. ನಾನೋ ಬಣ್ಣ ಮಾಸೀತೆಂಬ ಸೀರೆಯ ನ್ಯಾಯವನ್ನು ಇಲ್ಲಿಗೂ ತಂದು, ನೆರಳಿನಲ್ಲಿ ಒಣಗಿಸುತ್ತಿದ್ದೆನು.

ಬಿಸಿಲಿನ ವಿಷಯದಲ್ಲಿ ನಾವು ಭಾಗ್ಯವಂತರು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ನಗರ ಕಟ್ಟುವ ಸರಕಾರಿ ಸಂಸ್ಥೆಯಾದ ಸಿಡ್ಕೋಗಾಗಿ ಬೇಲಾಪುರದಲ್ಲಿ ಯೋಜಿಸಿದ, ಈಗ ಜನ ಆರ್ಟಿಸ್ಟ್ ವಿಲೇಜ್ ಎನ್ನುವ ವಸತಿಯಲ್ಲಿ ಏಳೇಳು ಮನೆಗಳು ಸುಮಾರು ಎಂಟು ಮೀಟರು ಚೌಕದ ಒಂದೊಂದು ಅಂಗಳವನ್ನು ಬಳಸಿ ನಿಂತಿವೆ. ನಮ್ಮಂತಹ ಸೆಕೆಯ ನಾಡಿನಲ್ಲಿ ಆಕಾಶಕ್ಕೆ ತೆರೆದ ಜಾಗವೂ ಒಂದು ಕೋಣೆಯೇ ಎಂಬುದು ಆತನ ನಂಬಿಕೆಯಾಗಿತ್ತು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ನೋಟುಪುಸ್ತಕ ಹಿಡಿದು ಬಂದಾಗ ನನ್ನ ಇಪ್ಪತ್ತು ಲಂಗೋಟಿಗಳ ಸಾಲನ್ನೂ ಬರೆದುಕೊಂಡು ಹೋಗುವರೆಂದು ಆಶಿಸಿದ್ದೇನೆ.

ಪೆಟ್ಟಿಗೆಯಿಂದ ಹಳೆಯ ಲಂಗೋಟಿ ತೆಗೆಯುವವರಿಗೆ ಒಂದು ಮಾತು, ಇದರಲ್ಲಿ ವಿನೋದವಿಲ್ಲ. ನುಸಿಗುಳಿಗೆಯ ನ್ಯಾಫ್ತಲೀನ್ ಆವಿ ಕುಡಿದ ಬಟ್ಟೆಯಿಂದ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುವಿನ ಕೆಂಪುರಕ್ತಕಣಗಳು ಒಡೆದು ಕಾಮಾಲೆ ಕಠಿಣವಾಗಬಹುದು. ಕೊರತೆಯಿದೆಯೇ ಎಂಬುದು ಮುಖ ನೋಡಿದರೆ ತಿಳಿಯದು. ಗುಳಿಗೆಯ ವಾಸನೆಯಿರುವ ಬಟ್ಟೆಯನ್ನು ಕೂಸಿಗೆ ತೊಡಿಸದಿರುವುದೇ ಲೇಸು.

ಈಗ ಜೂನ್ ತಿಂಗಳು. ದಪ್ಪ ಪದರದ ಲಂಗೋಟಿಗಳನ್ನೆಲ್ಲ ಮೇಲೆತ್ತಿಟ್ಟು, ಒಂದೇ ಪದರದ ತ್ರಿಕೋನಗಳಿಗೆ ಮರಳಿದ್ದೇವೆ. ಫ್ಯಾನಿನ ಗಾಳಿಯಲ್ಲಿ ಮುಕ್ಕಾಲು ಒಣಗಿದುದನ್ನು ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಮುಗಿಸುವುದು. ಬಿದಿರುಬುಟ್ಟಿ ಕವುಚಿ ಕೆಂಡದ ಹೊಗೆ ಹಿಡಿಸೋಣವೆಂದು ಮನೆಯಾಕೆಯ ಸಲಹೆ. ಕೂಸಿನ ಎದೆಗೆ ಹೊಗೆ ಸಲ್ಲದೆಂದು ನಾನು ಒಪ್ಪಿಲ್ಲ. ನಿನ್ನೆ ಮಧ್ಯಾಹ್ನ ಒಂದು ಗಂಟೆಯ ಬಿಸಿಲು ಬಿದ್ದಿತು. ಎಲ್ಲವನ್ನೂ ಹೊರಗೆ ಹರವಿ, ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಈ ಲೇಖನದ ಮೊದಲ ಪುಟವನ್ನು ಬರೆಯುತ್ತಿದ್ದಂತೆ ಪಾರ್ಸಿಕ್ ಗುಡ್ಡದ ಕಡೆಯಿಂದ ಕಪ್ಪಾಯಿತು, “ಪಾಊಸ್ ಆಲಾ, ಕಾಕಾ, ಲಂಗೋಟ್!” ಎಂದು ಆಜಿ ಕೂಗಿದ್ದು ಮೊದಲ ಹನಿಗಿಂತ ಮುಂಚೆಯೋ ಆಮೇಲೆಯೋ ತಿಳಿಯದು. ಹತ್ತೊಂಬತ್ತು ಉಳಿದುವು. ಕಾಗದಗಳು ನೆನೆದುವು.