ಗಡಿಸೀಮೆಯ ನುಡಿಬೆರಕೆ ಮತ್ತು ವಚನಗಳ ಪಾಠವಿಚಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಆಡುನುಡಿಯನ್ನು ‘ಕೆಟ್ಟ ಕನ್ನಡ’ವೆಂದು ಕಡೆಗಣಿಸುವ ರೂಢಿಯೊಂದು ವಿದ್ಯಾವಂತರಲ್ಲಿದೆ. ಈ ತಾತ್ಸಾರವು ವಚನಗಳ ಪಾಠನಿರ್ಣಯದೊಳಕ್ಕೂ ನುಸುಳುವುದರಿಂದ ಇದನ್ನು ಪರೀಕ್ಷಿಸುವುದು ಅವಶ್ಯ.

ಭೀಮೆಯಾಚೆ ಸೊಲ್ಲಾಪುರದ ಮರಾಠಿ. ಮೂಡಣಕ್ಕೆ 1948ರವರೆಗೆ ನಿಜಾಮರ ಸಂಸ್ಥಾನ. ಇಲ್ಲಿಯೇ 1490ರಿಂದ 1686ರವರೆಗೆ ಆದಿಲಶಾಹಿ. ಮುಂದೆ ಪೇಶವೆಯರು, 1956ರವರೆಗೆ ಮುಂಬಯಿಯ ಆಡಳಿತ. ಹೀಗಿರಲು ಅರ್ಜಿ, ಜಮೀನು, ದಫ್ತರಗಳು ಚಾವಡಿಯಿಂದಲೂ, ಪೋರ್ತುಗೀಜ ಮೂಲದ ಪಗಾರ, ಬಟಾಟೆಗಳು ಮರಾಠಿಯ ಮೂಲಕವೂ ಬಂದುದರಲ್ಲಿ ಆಶ್ಚರ್ಯವೇನು? ಈ ಕೊಳುಕೊಡೆ ಏಕಮುಖವೂ ಅಲ್ಲ. ಮರಾಠಿಗರ ಅಣ್ಣಾ, ಅಕ್ಕಾ ಕನ್ನಡದವು. ಪಂಢರಪುರದ ವಿಠ್ಠಲನನ್ನು ಜ್ಞಾನದೇವರೇ ‘ಕಾನಡಾ’ ಎಂದಿದ್ದಾರೆ.

ಆದರೆ ಶಬ್ದಗಳ ಆಗಮನವು ಬೆರಕೆಯ ಮೇಲ್ಪದರ ಮಾತ್ರ. ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮದ ಕನ್ನಡ, ಮರಾಠಿ, ಉರ್ದುಗಳನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಅಲ್ಲಿ ಪ್ರತಿ ಸಮುದಾಯವೂ ಮನೆಮಾತನ್ನು ಬಿಟ್ಟಿಲ್ಲ. ಶಬ್ದರೂಪಗಳು ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಉಳಿದಿವೆ. ವಾಕ್ಯದ ಕಟ್ಟು ಮಾತ್ರ ಒಂದೇ ಆಗಿಹೋಗಿದೆ! ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯಬಹುದಾದ ಕನ್ನಡ ವಾಕ್ಯಕ್ಕೆ ಅಲ್ಲಿ ಮರಾಠಿಯಂತೆ ‘ಐತಿ’ ಬೇಕು. ಅತ್ತ ಉರ್ದುವು, ಕೇಳುವವನನ್ನು ಒಳಗೊಂಡ ‘ನಾವು’, ಬಿಟ್ಟ ‘ನಾವು’ ಎಂಬ ಮರಾಠಿಯ ಭೇದವನ್ನು ತನ್ನದಾಗಿಸಿಕೊಂಡಿದೆ.

ಈಗ ವಚನಗಳಿಗೆ ಬರೋಣ. ಪಾರಸಿ ಶಬ್ದ ಕಂಡೊಡನೆ ವಚನವನ್ನು ಪ್ರಕ್ಷಿಪ್ತವೆನ್ನುವ ಸಂಪಾದಕರಿದ್ದಾರೆ. ಹನ್ನೆರಡನೆಯ ಶತಮಾನದ ಕೃತಿಯಲ್ಲಿ ಆದಿಲಶಾಹಿಯ ಚಾವಡಿಮಾತು ಇರಲಾರದೆಂಬುದು ಸರಿಯೇ. ಆದರೆ ಒಂದು ಶಬ್ದ ಲಿಪಿಕಾರನ ಕೈಯಿಂದಲೂ ಬಂದೀತು. ತಾಡವೋಲೆಯ ಪ್ರತಿಗಳನ್ನು ಹೋಲಿಸಿದಾಗ ಆ ಶಬ್ದ ಒಂದರಲ್ಲಿದ್ದು ಉಳಿದವುಗಳಲ್ಲಿ ಇಲ್ಲದಿದ್ದರೆ, ಬಿಡಬೇಕಾದುದು ಆ ಪಾಠವನ್ನು, ವಚನವನ್ನಲ್ಲ. ಪ್ರತಿಯಾಗಿ, ಅನ್ಯಶಬ್ದ ಒಂದೂ ಇಲ್ಲದ ವಚನವು ಅಷ್ಟರಿಂದಲೇ ಪ್ರಾಚೀನವಾಗದು. ಅದರ ವಾಕ್ಯರಚನೆಯನ್ನೂ ತೂಗಬೇಕು. ಈ ಕೆಲಸಕ್ಕೆ ಕೈಹಾಕುವವರು ವಿರಳ.

ಜನಪದ ಸಾಹಿತ್ಯಕ್ಕೆ ಈ ಅಳತೆಯೇ ಸಲ್ಲದು. ಇಂಡಿ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಹಳ್ಳಿಯ ಬಾಯಿಮಾತಿಗೆ ಗ್ರಂಥಗೌರವ ದೊರೆಯಿತು. ಅಂಥ ಹಾಡಿನಲ್ಲಿ ಬರುವ ‘ಖರೆ’ಯನ್ನು ತೆಗೆದು ‘ಸತ್ಯ’, ‘ನಿಜ’ ಎಂದು ತಿದ್ದುವವರು ಕನ್ನಡವನ್ನು ಶುದ್ಧಿಗೊಳಿಸಿದಂತಾಗಲಿಲ್ಲ. ಅವೆರಡೂ ಸಂಸ್ಕೃತದಿಂದ ತಂದ ಕಡವೇ. ಬಾಗೇವಾಡಿಯ ಹೆಣ್ಣುಮಗಳು ಬೀಸುವಾಗ ‘ಖರೆ’ ಎಂದೇ ಹಾಡಿದ್ದರೆ, ಅಚ್ಚಿನಲ್ಲಿಯೂ ಹಾಗೆಯೇ ಇರಲಿ.